ಮದ್ದಿಗೆ ತಂದ ಹೆಣ್ಣು

ನಿಜಾಮರ ಕಾಲ, ಶುಕ್ರವಾರ ಶಾಲೆಗೆ ರಜೆ. ಊಟವಾದ ಮೇಲೆ ಜಯತೀರ್ಥ ಮಾಸ್ತರ ತನ್ನ ಅಕ್ಕನಿಗೆ ಮರಾಠಿ ಪುಸ್ತಕಗಳನ್ನು ಕನ್ನಡ ಮಾಡಿ ಓದಿ ಹೇಳುವುದು ಚಿತ್ತಾಪುರದ ಆ ಮನೆಯ ರೂಢಿ. ಅಕ್ಕ ರುಕ್ಮಿಣಿಬಾಯಿ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿನ ಅಡುಗೆಮನೆ ಸೇರಿದವಳು. ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು.

ಅಂದು ಮುಗಿದದ್ದು ಮರಾಠಿಗೆ ಬಂದ ಹಳೆಯ ವಿಲಾಯತಿ ಕಾದಂಬರಿ. ಒಬ್ಬರನ್ನೊಬ್ಬರು ಪ್ರೀತಿಸಿದ ಇಬ್ಬರು ಗಂಡಸರ ಕಥೆ. ಮನೆಯವರು ಒಬ್ಬನಿಗೆ ಬಲವಂತದಿಂದ ಮದುವೆ ಮಾಡುತ್ತಾರೆ. ಅವನು ಪ್ರಾಣ ಕಳೆದುಕೊಳ್ಳುತ್ತಾನೆ. ಓದುತ್ತ ಜಯತೀರ್ಥ ಕಣ್ಣೊರೆಸಿಕೊಂಡ. ಹೊಳೆದಂಡೆಯಲ್ಲಿರುವ ಗೆಳೆಯ ಅಯ್ಯಪ್ಪನ ಮೇಲೆ ಅವನ ಜೀವವಿರುವುದು ಅಕ್ಕನಿಗೆ ಗೊತ್ತಿತ್ತು. ಅವಳೂ ಅಳುತ್ತಿದ್ದಳು.

"ಅವನ ಹೇಣ್ತಿ ಏನಾದಳೋ?"

"ಪುಸ್ತಕದಾಗ ಬರದಿಲ್ಲಕ್ಕಾ."

"ನಾ ಹೇಳ್ತೀನಿ ಕೇಳು. ತಲಿ ಬೋಳಿಸಿ ಮೂಲ್ಯಾಗ ಕುಂದ್ರಿಸಿದ್ರು."

ಶಹಾಬಾದಿನ ಭಾವ, ಅಕ್ಕನ ಗಂಡ, ಕಾಗಿಣಾ ಹೊಳೆಗೆ ಏಕೆ ಬಿದ್ದು ಸತ್ತನೆಂದು ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಜಯತೀರ್ಥ ಬೆಚ್ಚಿ ನೋಡಿದ.

"ಭಾಳ ಒಳ್ಳೇವರಿದ್ರು. ಅವರ ಮನಸು ಗೆಳೆಯನ ಮ್ಯಾಲಿತ್ತು. ಅವರ ಅವ್ವಗ ಎಲ್ಲಾ ಗೊತ್ತಿತ್ತು, ಆ ಹುಚ್ಚಿನ ಮದ್ದಿಗಂತ ನನ್ನ ತಂದ್ರು. ನನಗಾಗ ಹನ್ನೆರಡು."

ಅದೇ ಮದ್ದನ್ನು ತಾಯಿ ಲಕ್ಷ್ಮೀಬಾಯಿ ಮಗನಿಗೂ ಅರೆಯುತ್ತಿದ್ದರು. ನಾಲವಾರದ ಹುಡುಗಿ, ಹನ್ನೊಂದು ತುಂಬಿರಲಿಲ್ಲ. ಜಯತೀರ್ಥ ಬೇಡವೆಂದಾಗ ತಾಯಿ ಅನ್ನ ಬಿಟ್ಟು ಮಲಗಿದರು.

"ಲಗ್ನ ಆಗೂತನಕ ಹುಚ್ಚು ಬಿಡೂದಿಲ್ಲ ಅಂತಾರ. ಕೊರಳಿಗೊಂದು ಗಂಟು ಬಿದ್ರ ನೆಟ್ಟಗಾಗ್ತಾನ," ಎಂದರು.

"ನನ್ನ ಕೊರಳಿನ ಗಂಟು ಯಾರನ್ನ ನೆಟ್ಟಗ ಮಾಡ್ತವ್ವಾ?" ರುಕ್ಮಿಣಿಬಾಯಿ ಕೇಳಿದಳು.

"ಅದು ನಿನ್ನ ಹಣೇಬರಹ."

ಎಂಥ ಮಾತು! ಮಾಡುವವರು ಹಿರಿಯರು, ಹೊಣೆ ಮಾತ್ರ ಬ್ರಹ್ಮನದು.

ನಿಶ್ಚಯಕ್ಕೆ ನಾಲವಾರದವರು ರೈಲಿನಲ್ಲಿ ಬಂದರು. ತಾಯಿಯ ಉಪವಾಸಕ್ಕೆ ಸೋತ ಜಯತೀರ್ಥ ತಲೆ ತಗ್ಗಿಸಿ ಕುಳಿತಿದ್ದ. ಹುಡುಗಿ ತಾಯಿಯ ತೊಡೆಯ ಮೇಲೆ ತೂಕಡಿಸುತ್ತಿದ್ದಳು. ಶುಭ ಹೊತ್ತಿನಲ್ಲಿ ವಿಧವೆ ಕಣ್ಣಿಗೆ ಬೀಳಬಾರದೆಂದು ರುಕ್ಮಿಣಿಬಾಯಿಯನ್ನು ಉಗ್ರಾಣದಲ್ಲಿ ಕೂರಿಸಿದ್ದರು.

ತಾಂಬೂಲ ಬದಲಾಯಿಸಲು ಕೈ ಚಾಚಿದ್ದೇ ತಡ, ಉಗ್ರಾಣದ ಬಾಗಿಲು ತೆರೆಯಿತು. ಅವಳು ನೇರವಾಗಿ ಬಂದು ತಟ್ಟೆಯೆದುರು ನಿಂತಳು. ಹುಡುಗಿಯ ಅಜ್ಜ ಕೈ ಹಿಂದೆಗೆದುಕೊಂಡ.

"ಅಪಶಕುನ!"

"ಹೌದ್ರಿ, ಅಪಶಕುನಾನೇ." ಅವಳು ತಲೆಯ ಸೆರಗು ಸರಿಸಿದಳು. "ಛಂದಗೆ ನೋಡ್ರಿ. ಮದ್ದಿಗಂತ ಕೊಟ್ಟ ಹುಡುಗಿ ಹಿಂಗಾಗ್ತಾಳ. ನನ್ನ ತಮ್ಮಗ ಬ್ಯಾನಿ ಇಲ್ಲ, ಮದ್ದೂ ಬ್ಯಾಡ."

"ರುಕ್ಮಿಣೀ!" ಎಂದು ಲಕ್ಷ್ಮೀಬಾಯಿ ಚೀರಿದರು.

ಜಯತೀರ್ಥ ಎದ್ದು ಅಕ್ಕನ ಪಕ್ಕಕ್ಕೆ ಬಂದ. "ಅಕ್ಕ ಹೇಳೂದು ಖರೇ ಅದ ರೀ. ಈ ಲಗ್ನ ನಾ ಆಗಂಗಿಲ್ಲ."

ಮನೆತುಂಬ ಗದ್ದಲವೆದ್ದಿತು. ಅದರ ನಡುವೆಯೇ ಹುಡುಗಿಯ ತಾಯಿ ಮೆಲ್ಲಗೆ ಎದ್ದಳು. ಮಗಳನ್ನು ಎಬ್ಬಿಸಿ ಕೈ ಹಿಡಿದುಕೊಂಡು, ಎಲ್ಲರೂ ನೋಡುತ್ತಿರುವಂತೆಯೇ ಬಗ್ಗಿ, ಆ ಬೋಳು ತಲೆಯ ವಿಧವೆಯ ಕಾಲು ಮುಟ್ಟಿದಳು.