ಇಲಿಗಳನ್ನು ಕರೆಯುವ ಸದ್ದು

ಪ್ರಯೋಗಾಲಯದ ಇಲಿಕೋಣೆ ಹನ್ನೊಂದು ವರ್ಷದಿಂದ ನನ್ನ ಸುಪರ್ದಿಯಲ್ಲಿದೆ. ಪಂಜರದ ಮುಚ್ಚಳ ತೆಗೆಯುವ ಮೊದಲು ನಾಲಿಗೆಯಿಂದ ‘ಟೊಕ್ ಟೊಕ್’ ಎನ್ನುವುದು ನನ್ನ ಅಭ್ಯಾಸ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಇಲಿಗಳು ನಾ ಮುಂದು ತಾ ಮುಂದು ಎಂದು ಅಂಗೈ ಹತ್ತುತ್ತಿದ್ದವು. ಮನೆಯವರು ಕೂಡ ನನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟವರಲ್ಲ.

ಅಲ್ಲೇ ವಿಜ್ಞಾನಿಯಾಗಿರುವ ನನ್ನ ತಂಗಿ ಕಳೆದ ತಿಂಗಳು ಫೋನು ಹಿಡಿದು ಬಂದಳು. “ಅಕ್ಕಾ, ನಿನ್ನ ಆ ಟೊಕ್ ಟೊಕ್ ಒಂದ್ಸಲ ಮಾಡು, ರೆಕಾರ್ಡ್ ಮಾಡ್ಕೋತೀನಿ. ನೀನು ರಜೆ ಹಾಕಿದಾಗ ಬೇಕಾಗುತ್ತೆ.” ನನಗೆ ಹಿಗ್ಗೋ ಹಿಗ್ಗು. ಒಂದಲ್ಲ, ಹತ್ತು ಸಲ ಮಾಡಿಕೊಟ್ಟೆ.

ನಾಲ್ಕು ದಿನದ ರಜೆ ಮುಗಿಸಿ ಇವತ್ತು ಬೆಳಿಗ್ಗೆ ಬಂದೆ. ಟೊಕ್ ಟೊಕ್ ಎಂದೆ. ಹನ್ನೆರಡು ಇಲಿಗಳೂ ಇದ್ದಲ್ಲೇ ಮರಗಟ್ಟಿದವು. ಮೀಸೆ ಕೂಡ ಅಲುಗಲಿಲ್ಲ. ಇನ್ನೊಮ್ಮೆ ಕರೆದೆ, ಒಂದು ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು.

ತಂಗಿಯ ಮೇಜಿಗೆ ಹೋಗಿ ಕೇಳಿದೆ. ಅವಳು ಮುಚ್ಚಿಡಲಿಲ್ಲ.

“ನಿನ್ನ ಸದ್ದು ಹಾಕಿ, ಹಿಂದೇನೇ ಕಾಲಿಗೆ ಸಣ್ಣ ಶಾಕ್ ಕೊಟ್ವಿ. ಮಿದುಳಲ್ಲಿ ಅಮಿಗ್ಡಲಾ ಅಂತ ಒಂದು ಜಾಗ ಇದೆ. ಸದ್ದಿನ ಸುದ್ದಿ, ನೋವಿನ ಸುದ್ದಿ ಎರಡೂ ಅಲ್ಲಿಗೇ ಬರ್ತವೆ. ಒಟ್ಟೊಟ್ಟಿಗೆ ಬಂದ್ರೆ ಅಲ್ಲಿನ ನರಗಳ ಕೊಂಡಿ ಗಟ್ಟಿಯಾಗುತ್ತೆ. ಆಮೇಲೆ ಹೆದರೋಕೆ ಸದ್ದೊಂದೇ ಸಾಕು.”

“ಯಾವುದಾದ್ರೂ ಯಂತ್ರದ ಸದ್ದು ಸಿಗಲಿಲ್ವಾ ನಿಂಗೆ?”

“ಅದನ್ನ ಎಲ್ರೂ ಮಾಡಿದ್ದಾರೆ. ನಂಬಿರೋ ಸದ್ದಿಗೆ ಹೆದರೋದನ್ನ ಹೇಗೆ ಕಲೀತವೆ ಅಂತ ನೋಡ್ಬೇಕಿತ್ತು.”

“ನನ್ನ ಒಂದು ಮಾತು ಕೇಳ್ಬಹುದಿತ್ತು.”

“ಕೇಳಿದ್ರೆ ನೀನು ಒಪ್ತಿದ್ಯಾ? ಅದಕ್ಕೇ ಕೇಳಲಿಲ್ಲ.”

ನಾನು ಸೊಂಟದ ಮೇಲೆ ಹೊತ್ತು ತಿರುಗಿದ ಹುಡುಗಿ ನಂಬಿಸಿ ಕತ್ತು ಕೊಯ್ದಿದ್ದಳು. ಕೋಪಕ್ಕಿಂತ ಹೆಚ್ಚಾಗಿ ನನ್ನ ಹಿಗ್ಗು ನೆನೆದು ನಾಚಿಕೆಯಾಯಿತು.

“ಇನ್ನು ಅವು ನನ್ನ ಹತ್ರ ಬರಲ್ವಾ?”

“ಶಾಕ್ ಇಲ್ದೆ ದಿನಾ ನಿನ್ನ ಸದ್ದು ಕೇಳಿಸಿದ್ರೆ ಭಯ ತಗ್ಗುತ್ತೆ. ಹಳೇದು ಅಳಿಸಿ ಹೋಗಲ್ಲ, ಅದರ ಮೇಲೆ ಹೊಸದೊಂದು ಕಲೀತವೆ ಅಷ್ಟೇ. ಬಾ, ಈಗ್ಲೇ ಶುರು ಮಾಡೋಣ.”

ಇಲಿಗಳಿಗಾಗಿ ಒಪ್ಪಿದೆ. ಮೊದಲ ಪಂಜರದ ಮುಂದೆ ಕೂತೆ. ತಂಗಿ ಪುಸ್ತಕ, ಪೆನ್ನು ಹಿಡಿದು ಪಕ್ಕದಲ್ಲೇ ನಿಂತಳು. ನನ್ನ ನಾಲಿಗೆ ಏಳಲಿಲ್ಲ.

“ನೀನು ಹೊರಗೆ ಹೋಗು,” ಎಂದೆ.

ಅವಳು ನಕ್ಕಳು. “ನಾನಿದ್ರೆ ಇವಕ್ಕೇನೂ ಭಯ ಇಲ್ಲ ಅಕ್ಕಾ. ಶಾಕ್ ಕೊಟ್ಟಿದ್ದು ನಾನು ಅಂತ ಇವಕ್ಕೆ ಗೊತ್ತೇ ಇಲ್ಲ.”

“ನಂಗೆ ಗೊತ್ತು,” ಎಂದೆ.