ಎಂಟು ಗಂಟೆಯ ಫೋನು

ಕಣ್ಣು ಬಿಟ್ಟಾಗ ಮೂಗಿನಿಂದ ಎರಡು ಗೇಣು ಮೇಲೆ ಹಲಗೆಯಿತ್ತು. ಸುಮಿಯೆ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದಿನದ ಅಭ್ಯಾಸದಂತೆ ಬಲಗೈ ಚಾಚಿ, ಗೋಡೆಯ ದೀಪದ ಗುಂಡಿ ಹುಡುಕಿದಳು. ಕೈಗೆ ಸಿಕ್ಕಿದ್ದು ಮೇಲಿನ ಮಂಚದಿಂದ ಇಳಿಬಿದ್ದಿದ್ದ ಒಂದು ಒದ್ದೆ ಕಾಲುಚೀಲ. ಆಗ ನೆನಪಾಯಿತು. ತಾನು ಮಿಹಾರಾದ ಮನೆಯಲ್ಲಿಲ್ಲ. ಒಸಾಕಾದ ಒಂದು ಅಗ್ಗದ ವಸತಿಯಲ್ಲಿ, ಎಂಟು ಹೆಂಗಸರು ಮಲಗುವ ಕೋಣೆಯಲ್ಲಿ, ಕೆಳಮಂಚದಲ್ಲಿದ್ದೇನೆ.

ಗಡಿಯಾರ ಮೂರು ಗಂಟೆ ನಾಲ್ಕು ನಿಮಿಷ ತೋರಿಸುತ್ತಿತ್ತು. ನಾಲ್ಕು ನಿಮಿಷ ಹೆಚ್ಚು ಮಲಗಿದೆನಲ್ಲ ಎಂದು ಸುಮಿಯೆ ತನಗೆ ತಾನೇ ಧೈರ್ಯ ಹೇಳಿಕೊಂಡಳು.

ಮೂವತ್ತನಾಲ್ಕು ವರ್ಷಗಳಿಂದ ಅವಳು ಮೂರಕ್ಕೇ ಏಳುತ್ತಿದ್ದಳು. ನೆನೆದ ಸೋಯಾ ಕಾಳು ರುಬ್ಬಬೇಕು, ಹಾಲು ಕಾಯಿಸಬೇಕು, ಹೆಪ್ಪುಗಟ್ಟಿಸಬೇಕು, ಒತ್ತಬೇಕು, ತಣ್ಣೀರಿನಲ್ಲಿ ಮುಳುಗಿಸಿ ಕತ್ತರಿಸಬೇಕು. ಅವರ ತೋಫು ಅಂಗಡಿಗೆ ಹೊಸವರ್ಷದ ಮೂರು ದಿನ ಬಿಟ್ಟರೆ ಬಾಗಿಲು ಹಾಕಿ ಗೊತ್ತಿರಲಿಲ್ಲ. ಈ ಚಳಿಗಾಲದಲ್ಲಿ ಅವಳ ಮಣಿಕಟ್ಟು ನೀರಿಗಿಟ್ಟರೆ ಸಾಕು, ಚುರುಗುಟ್ಟತೊಡಗಿತ್ತು. ವಾರಕ್ಕೊಂದು ದಿನ ಅಂಗಡಿ ಮುಚ್ಚೋಣ ಎಂದು ಗಂಡ ಕಾತ್ಸುಜಿಯ ಹತ್ತಿರ ಕೇಳಿದ್ದಳು.

"ರಜ ಕೊಟ್ರೆ ಏನ್ ಮಾಡ್ತೀಯ?" ಎಂದಿದ್ದ ಅವನು, ಕರಿದ ತೋಫು ಮಗುಚುತ್ತ. "ಮೂರಕ್ಕೆ ಎದ್ದು ನನ್ನ ಮುಖ ನೋಡ್ಕೊಂಡು ಕೂರ್ತೀಯ. ನಿಂಗೆ ಮಲಗೋಕೆ ಬರಲ್ಲ ಕಣೇ."

"ಬರುತ್ತೆ. ಇಲ್ಲಿ ಬರಲ್ಲ, ಅಷ್ಟೆ."

"ಹಾಗಾದ್ರೆ ಬೇರೆ ಕಡೆ ಹೋಗಿ ಮಲಗಿ ತೋರಿಸು."

ಹೀಗೆ ಪಂದ್ಯ ಶುರುವಾಯಿತು. ನಾಲ್ಕು ರಾತ್ರಿ ಅವಳು ಎಲ್ಲಿ ಬೇಕಾದರೂ ಇರಬಹುದು. ಬೆಳಗ್ಗೆ ಎಂಟಕ್ಕೆ ಕಾತ್ಸುಜಿ ಫೋನು ಮಾಡುತ್ತಾನೆ. ಒಂದೇ ಒಂದು ದಿನ ಅವಳು ನಿದ್ದೆಯಲ್ಲಿದ್ದು ಫೋನು ತೆಗೆಯದಿದ್ದರೆ ವಾರದ ರಜ ಅವಳದ್ದು.

"ಎಚ್ಚರ ಇದ್ದೂ ತೆಗೀದೇ ಇದ್ರೆ?" ಎಂದು ಕೇಳಿದವಳು ಅವಳೇ.

"ನೀನು ಹಾಗೆ ಮಾಡೋಳಲ್ಲ," ಎಂದಿದ್ದ ಕಾತ್ಸುಜಿ. ಮದುವೆಯಾದ ಮೇಲೆ ಅವನ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದೇ ಇರಬೇಕು.

ಮಗಳು ಮಿನೋರಿ ತನ್ನ ಹಳೆಯ ಕಿತ್ತಳೆ ಬಣ್ಣದ ಬೆನ್ನುಚೀಲ ಕಳಿಸಿಕೊಟ್ಟಳು. ಅದನ್ನು ಹೊತ್ತು ನಿಂತ ಹೆಂಡತಿಯನ್ನು ನೋಡಿ ಕಾತ್ಸುಜಿ, "ಆಮೆ ಎರಡು ಕಾಲಲ್ಲಿ ನಿಂತಂಗಿದೆ," ಎಂದಿದ್ದ.

ಒಸಾಕಾದಲ್ಲಿ ಎಂಟಕ್ಕೆ ಫೋನು ಬಂದಾಗ ಸುಮಿಯೆ ವಸತಿಯ ಅಂಗಳ ಗುಡಿಸಿ ಮುಗಿಸಿದ್ದಳು. ಮೊದಲ ರಿಂಗು ಮುಗಿಯುವ ಮುಂಚೆಯೇ ಕೈ ತಾನಾಗಿ ಫೋನು ತೆಗೆಯಿತು. ಬಾಯಿಂದ "ತೋಫು ಅಂಗಡಿ, ಹೇಳಿ," ಎಂದೂ ಬಂತು.

"ಆರ್ಡರ್ ಏನಿಲ್ಲ," ಎಂದ ಕಾತ್ಸುಜಿ. "ಸುಮ್ನೆ ವಿಚಾರಿಸ್ದೆ."

ಮೇಲಿನ ಮಂಚದ ಕಾಲುಚೀಲದ ಒಡತಿ ನಾಗಿಸಾ ಎಂಬ ಹುಡುಗಿ. ಉತ್ತರದ ಹೊಕ್ಕೈಡೋದವಳು, ಓದು ಮುಗಿಸಿ ಕೆಲಸಕ್ಕೆ ಸೇರುವ ಮೊದಲು ಊರೂರು ಅಲೆಯುತ್ತಿದ್ದಳು. ಅವಳಿಗೆ ಹನ್ನೊಂದು ಗಂಟೆಗೂ ಎಬ್ಬಿಸುವವರು ಬೇಕಿತ್ತು. ಪಂದ್ಯದ ಕಥೆ ಕೇಳಿ ಅವಳು ಎದ್ದು ಕೂತಳು.

"ಅಮ್ಮಾ, ನಿದ್ದೆ ವಿಷಯದಲ್ಲಿ ನೀವು ಸರಿಯಾದವರ ಹತ್ರಾನೇ ಬಂದಿದೀರ. ನಾನು ಟೋಕಿಯೋ ಕಡೆಗೆ ಹೊರಟಿದೀನಿ, ನೀವೂ ಬನ್ನಿ. ನಗೋಯಾದಲ್ಲಿ ಇಳಿದು ಹೋಗೋಣ. ನಿಮ್ಮನ್ನ ಸುಸ್ತು ಮಾಡಿಸೋ ಜವಾಬ್ದಾರಿ ನಂದು."

ಜವಾಬ್ದಾರಿಯನ್ನು ಅವಳು ಚೆನ್ನಾಗಿಯೇ ಹೊತ್ತುಕೊಂಡಳು. ನಗೋಯಾದಲ್ಲಿ ಸಂಜೆಯವರೆಗೆ ನಡೆಸಿ, ಹುದುಗಿಸಿದ ಸೋಯಾದ ಮಿಸೋ ಬಳಿದ ಹಂದಿಮಾಂಸ ತಿನ್ನಿಸಿ, ಬಿಸಿನೀರಿನ ಸ್ನಾನಗೃಹದಲ್ಲಿ ಬೆರಳು ಸುಕ್ಕಾಗುವ ತನಕ ಕೂರಿಸಿ, ಒಂದು ಬಟ್ಟಲು ಬಿಸಿ ಸಾಕೆ ಮದ್ಯ ಕುಡಿಸಿದಳು. ಗೂಡಿನಂಥ ಕೋಣೆಯಲ್ಲಿ ಸುಮಿಯೆ ಒಂಬತ್ತಕ್ಕೆ ಕಲ್ಲಿನ ಹಾಗೆ ಬಿದ್ದುಕೊಂಡಳು. ಮೂರಕ್ಕೆ ಎದ್ದಳು.

ಚೀಲ ಹೊತ್ತು ಸುಮ್ಮನೆ ಬೀದಿಗೆ ಬಂದಳು. ಎರಡು ತಿರುವು ದಾಟುವಷ್ಟರಲ್ಲಿ ಬೇಯುವ ಸೋಯಾ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಕಾಲು ಯಾರನ್ನೂ ಕೇಳದೆ ಆ ಕಡೆ ತಿರುಗಿತು. ಅರ್ಧ ತೆರೆದ ಬಾಗಿಲಾಚೆ ಒಬ್ಬ ಮುದುಕ ಒಂಟಿಯಾಗಿ ಕೆಲಸ ಮಾಡುತ್ತಿದ್ದ.

"ಅಂಗಡಿ ತೆಗೆಯೋದು ಏಳಕ್ಕೆ," ಎಂದ ಅವನು ತಲೆಯೆತ್ತದೆ.

"ಕೊಳ್ಳೋಕೆ ಬಂದಿಲ್ಲ. ಸುಮ್ನೆ ನೋಡ್ತಿದೀನಿ."

"ಬೆಳಗಿನ ಜಾವ ಇದನ್ನ ನೋಡೋಕೆ ಬರ್ತಾರಾ ಯಾರಾದ್ರೂ?"

"ನಿಮ್ಮ ಹಾಲು ಉಕ್ತಾ ಇದೆ."

ಅವನು ತಿರುಗುವಷ್ಟರಲ್ಲಿ ಸುಮಿಯೆ ಒಳಗಿದ್ದಳು, ಚೀಲ ಕೆಳಗಿತ್ತು, ಅಂಗಿಯ ತೋಳು ಮಡಚಿತ್ತು, ಉರಿ ತಗ್ಗಿತ್ತು. ಎಂಟಕ್ಕೆ ಫೋನು ಬಂದಾಗ ಅವಳು ಆ ಮುದುಕನ ಎರಡನೇ ಪಾಳಿಯ ಕಾಳು ರುಬ್ಬುತ್ತಿದ್ದಳು.

"ಏನದು ಸದ್ದು?" ಎಂದ ಕಾತ್ಸುಜಿ. "ಇವಳೇ, ಅದು ಕಾಳು ರುಬ್ಬೋ ಯಂತ್ರ ಅಲ್ವಾ?"

ಸುಮಿಯೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಹೌದು," ಎಂದಳು.

ಫೋನಿನಾಚೆ ಕಾತ್ಸುಜಿ ಕೆಮ್ಮು ಬರುವ ತನಕ ನಕ್ಕ. ಪಕ್ಕದ ಮೀನಂಗಡಿಯವನನ್ನು ಕರೆದು ಹೇಳಿ, ಅವನನ್ನೂ ನಗಿಸಿದ. ಮುದುಕ ಮಾತ್ರ ಗಂಭೀರವಾಗಿ, "ನಾಳೆನೂ ಬರ್ತೀರಾ?" ಎಂದು ಕೇಳಿದ.

ಟೋಕಿಯೋದಲ್ಲಿ ನಾಗಿಸಾ ಇನ್ನೂ ಪಟ್ಟುಹಿಡಿದಳು. ರೈಲಿಳಿದ ಗಳಿಗೆಯಿಂದ ನಡೆಸಿದಳು. ಶಿಬುಯಾದಲ್ಲಿ ನಾಲ್ಕು ಕಡೆಯಿಂದ ಜನ ಒಟ್ಟಿಗೆ ದಾಟುವ ಆ ದೊಡ್ಡ ಚೌಕದಲ್ಲಿ ಸುಮಿಯೆ ಎದುರು ಬಂದ ಪ್ರತಿಯೊಬ್ಬರಿಗೂ ತಲೆಬಾಗಿ ದಾರಿ ಬಿಟ್ಟುಕೊಡುತ್ತ, ಹೊರಟ ಕಡೆಗೇ ಮರಳಿ ಬಂದು ಸೇರಿದಳು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ನಾಗಿಸಾ ಅವಳ ಬೆನ್ನುಚೀಲ ಹಿಡಿದು ಹಿಂದಿನಿಂದ ತಳ್ಳಿಕೊಂಡು ಹೋದಳು. ಅಂದು ನಲವತ್ತೊಂದು ಸಾವಿರ ಹೆಜ್ಜೆ ಎಂದು ಹುಡುಗಿಯ ಫೋನು ಲೆಕ್ಕ ಕೊಟ್ಟಿತು. ಮರುದಿನ ನಸುಕಿನಲ್ಲಿ ಸುಮಿಯೆ ವಸತಿಯ ಅಡುಗೆಮನೆಯಲ್ಲಿ, ಆಗಷ್ಟೇ ಮಲಗಲು ಬಂದಿದ್ದ ಐದು ಜನ ಹುಡುಗರಿಗೆ ಮಿಸೋ ಸಾರು ಬಡಿಸಿದಳು. ಎಂಟಕ್ಕೆ ಫೋನು ಬಂತು. ಅವಳು ತೆಗೆದಳು.

"ಇನ್ನೊಂದು ದಿನ ಇದೆ," ಎಂದ ಕಾತ್ಸುಜಿ. ಈ ಸಲ ಅವನು ನಗಲಿಲ್ಲ. ಹಾಗಾಗಿ ಅವಳಿಗೆ ಇನ್ನೂ ಹೆಚ್ಚು ಬೇಸರವಾಯಿತು.

ಕೊನೆಯ ರಾತ್ರಿ ಇಬ್ಬರೂ ಹನ್ನೆರಡರ ತನಕ ಪಿಸುಗುಟ್ಟಿ ನಕ್ಕರು. ಮೂರಕ್ಕೆ ಸುಮಿಯೆಯ ಕಣ್ಣು ತೆರೆಯಿತು. ಕತ್ತಲಲ್ಲಿ ಮಣಿಕಟ್ಟನ್ನು ನೀವಿಕೊಳ್ಳುತ್ತ ಕೂತಳು. ಮೂವತ್ತನಾಲ್ಕು ವರ್ಷ ತಿದ್ದಿದ ದೇಹ, ನಾಲ್ಕು ದಿನಕ್ಕೆ ಮಾತು ಕೇಳುತ್ತದೆಯೇ? ಸಾಕು ಎನಿಸಿತು. ಅಕ್ಕಿಯುಂಡೆ ಎರಡು ಕಟ್ಟಿ ನಾಗಿಸಾಳ ದಿಂಬಿನ ಬಳಿ ಇಟ್ಟು ಚೀಲ ಹೊತ್ತಳು.

"ಅಮ್ಮಾ, ಇನ್ನೂ ಕತ್ತಲೆ," ಎಂದಳು ಹುಡುಗಿ ಕಣ್ಣು ಮುಚ್ಚಿಕೊಂಡೇ.

"ನಂಗೆ ಬೆಳಗಾಯ್ತು. ನೀನು ಮಲಗು. ನನ್ನ ಪಾಲಿಂದೂ ಮಲಗು."

ಉಗುಇಸುದಾನಿ ನಿಲ್ದಾಣದಲ್ಲಿ ಐದರ ಸುಮಾರಿಗೆ ಯಮನೋತೆ ರೈಲು ಹತ್ತಿದಳು. ಟೋಕಿಯೋ ನಿಲ್ದಾಣ ಅಲ್ಲಿಂದ ಐದನೆಯದು. ಆರು ಗಂಟೆಯ ಬುಲೆಟ್ ರೈಲು ಹಿಡಿದರೆ ಹನ್ನೊಂದರೊಳಗೆ ಮನೆ. ಕಾತ್ಸುಜಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಒಪ್ಪಿಸಿಕೊಂಡಳು: ನೀವು ಹೇಳಿದ್ದೇ ಸರಿ. ಡಬ್ಬಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಆಸನದ ಕೆಳಗಿನಿಂದ ಕಾಲಿಗೆ ಬಿಸಿಗಾಳಿ ಬರುತ್ತಿತ್ತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮಡಿಲಲ್ಲಿ ಮಗು ಇಟ್ಟುಕೊಂಡ ಹಾಗೆ ಅದರ ಮೇಲೆ ಕೈ ಕಟ್ಟಿದಳು. ಗೆಲ್ಲಬೇಕಾದ್ದು ಇನ್ನೇನೂ ಇರಲಿಲ್ಲ. ರೈಲು ತೂಗುತ್ತಿತ್ತು. ಉಎನೊ ಬಂತು. ಓಕಾಚಿಮಾಚಿ ಬಂತೋ ಇಲ್ಲವೋ ಗೊತ್ತಾಗಲಿಲ್ಲ.

ಮತ್ತೆ ಕಣ್ಣು ಬಿಟ್ಟಾಗ ಎದುರಿಗೆ ಬರೀ ಕಪ್ಪು ಕೋಟುಗಳಿದ್ದವು. ಡಬ್ಬಿ ಕಿಕ್ಕಿರಿದಿತ್ತು, ಆದರೆ ಯಾರೂ ಮಾತಾಡುತ್ತಿರಲಿಲ್ಲ. ಕೋಟುಗಳ ಸಂದಿಯಿಂದ ಬಂದ ಬಿಸಿಲು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಬಾಗಿಲ ಮೇಲಿನ ಪರದೆ, ಮುಂದಿನ ನಿಲ್ದಾಣ ಕಾಂದಾ ಎಂದು ತೋರಿಸುತ್ತಿತ್ತು. ಕಾಂದಾ ಆದಮೇಲೆ ಟೋಕಿಯೋ. ಇಷ್ಟೇ ದೂರಕ್ಕೆ ಇಷ್ಟು ಬಿಸಿಲು ಹೇಗೆ ಬಂತು ಎಂದು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಈ ರೈಲು ಊರಿನ ಸುತ್ತ ಬಳೆಯ ಹಾಗೆ ತಿರುಗುತ್ತದೆ, ಸುತ್ತಿಗೆ ಒಂದು ಗಂಟೆ. ಮಲಗಿದವರನ್ನು ಇಲ್ಲಿ ಯಾರೂ ಎಬ್ಬಿಸುವುದಿಲ್ಲ.

ಬಲಭುಜ ಜೋಮು ಹಿಡಿದಿತ್ತು. ಅದರ ಮೇಲೆ ಒಂದು ತಲೆಯಿತ್ತು, ನೆನೆದ ಕಾಳಿನ ಮೂಟೆಯಷ್ಟು ಭಾರ. ಕಟ್ಟಡ ಕೆಲಸದವನು, ರಾತ್ರಿ ಪಾಳಿ ಮುಗಿಸಿ ಬಂದವನಿರಬೇಕು. ಮಡಿಲಲ್ಲಿ ಹಳದಿ ಶಿರಸ್ತ್ರಾಣ, ರೆಪ್ಪೆಯ ಮೇಲೆಲ್ಲ ಸಿಮೆಂಟಿನ ಬಿಳಿ ಧೂಳು. ಬಾಯಿ ಅರ್ಧ ತೆರೆದುಕೊಂಡಿತ್ತು.

ಸುಮಿಯೆ ಎಡಗೈಯಿಂದ ಮೆಲ್ಲಗೆ ಫೋನು ಹೊರತೆಗೆದಳು. ರೈಲಿನಲ್ಲಿ ಸದ್ದಾಗಬಾರದೆಂದು ಅದರ ಬಾಯಿ ಮುಚ್ಚಿಸಿಟ್ಟಿದ್ದಳು. ಸಮಯ ಎಂಟು ಐವತ್ತೊಂದು. ಹದಿನಾಲ್ಕು ಕರೆ ಬಂದಿದ್ದವು, ಮೊದಲನೆಯದು ಸರಿಯಾಗಿ ಎಂಟಕ್ಕೆ. ಕೆಳಗೆ ಕಾತ್ಸುಜಿಯ ಸಂದೇಶಗಳು ಒಂದರ ಕೆಳಗೊಂದು ನಿಂತಿದ್ದವು.

"ಎದ್ದಿದೀಯಾ?"

"ನಾಟಕ ಸಾಕು."

"ನೀನು ನಾಟಕ ಮಾಡೋಳಲ್ಲ."

"ಎಲ್ಲಿದೀಯ?"

"ಸರಿ, ನೀನೇ ಗೆದ್ದೆ. ಫೋನ್ ತೆಗಿ."

"ಬುಧವಾರನೋ ಗುರುವಾರನೋ ನೀನೇ ಹೇಳು. ಕರಿದಿದ್ದೆಲ್ಲ ಸೀದು ಹೋಯ್ತು ಇಲ್ಲಿ."

ಓದುತ್ತಿದ್ದಂತೆಯೇ ಫೋನು ಅಂಗೈಯಲ್ಲಿ ನಡುಗತೊಡಗಿತು. ರೈಲಿನಲ್ಲಿ ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಅದು ನಡುಗಿ ನಡುಗಿ ಸುಮ್ಮನಾದ ಮೇಲೆ, ಎಡಗೈ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು: "ರೈಲಲ್ಲಿದೀನಿ. ಮಲಗಿದ್ದೆ. ಬುಧವಾರ."

ಟೋಕಿಯೋ ಬಂತು. ಬಾಗಿಲು ತೆರೆದು ಚಳಿ ಒಳಗೆ ನುಗ್ಗಿತು. ಕಪ್ಪು ಕೋಟುಗಳು ಸರಿದು ಅವಳಿಗೆ ದಾರಿಯಾಯಿತು. ಸುಮಿಯೆ ಚೀಲದ ಪಟ್ಟಿಗೆ ಕೈ ಹಾಕಿದಳು. ಭುಜದ ಮೇಲಿನ ತಲೆ ಸ್ವಲ್ಪ ಜಾರಿ, ಏನೋ ಗೊಣಗಿ, ಇನ್ನೂ ಮೆತ್ತಗಿನ ಜಾಗ ಹುಡುಕಿ ನೆಲೆ ನಿಂತಿತು.

ಪಟ್ಟಿಯಿಂದ ಕೈ ತೆಗೆದಳು. ಬಾಗಿಲು ಮುಚ್ಚಿತು. ಕಿತ್ತಳೆ ಚೀಲದ ಮೇಲೆ ಬಿಸಿಲು ಬಂದು ಕೂತಿತು. ಭುಜ ಅಲುಗದಂತೆ ಉಸಿರು ಬಿಡುತ್ತ ಅವಳು ಇನ್ನೊಂದು ಸುತ್ತು ಹೊರಟಳು.