ಅವಳ ಪರವಾಗಿ ಕೂತವಳು

ಸಿಟಿ ಬಸ್ ಓಡಿಸುತ್ತಿದ್ದ ಆ ಹೆಂಗಸನ್ನು ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರೂ ಡ್ರೈವರಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿಗೆ ಸೇರಿದ ಮೇಲೆ ಅವಳಿಗೆ ಬಾಯಿ ಬಿಡುವುದಕ್ಕೇ ಭಯ. ನಕ್ಕರೆ ಕಾಯಿಲೆ ಹೆಚ್ಚಾಗಿದೆ ಅನ್ನುತ್ತಾರೆ, ಅತ್ತರೂ ಅದನ್ನೇ ಅನ್ನುತ್ತಾರೆ. ಅದಕ್ಕೇ ನರ್ಸ್ ಬಂದಾಗಲೆಲ್ಲ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದಳು.

ಅವಳನ್ನು ಊರಾಚೆಯ ಆರೈಕೆ ಕೇಂದ್ರಕ್ಕೆ ಸೇರಿಸಿ ಎಂದು ಅವಳ ತಮ್ಮನೇ ಡಾಕ್ಟರನ್ನು ಕೇಳಿಕೊಂಡಿದ್ದ. ಅಲ್ಲಿಗೆ ಹೋದವರು ವಾಪಸ್ ಬಂದದ್ದನ್ನು ವಾರ್ಡಿನಲ್ಲಿ ಯಾರೂ ಕಂಡಿರಲಿಲ್ಲ. ಮರುದಿನವೇ ಡಾಕ್ಟರ ಕೋಣೆಯಲ್ಲಿ ಮಾತುಕತೆ, ತೀರ್ಮಾನ.

ಆ ಮಧ್ಯಾಹ್ನ ಕನ್ನಡಕದ ಹೆಂಗಸೊಬ್ಬಳು ಬಂದು, ಬಾಗಿಲಿಗೆ ಅಡ್ಡವಾಗದಂತೆ ಕುರ್ಚಿ ಹಾಕಿಕೊಂಡಳು. ಇಂಥ ಮಾತುಕತೆಗಳಲ್ಲಿ ರೋಗಿಯ ಪಕ್ಕ ಕೂತು, ರೋಗಿಯ ಪರವಾಗಿ ಮಾತಾಡುವುದೇ ತನ್ನ ಕೆಲಸ ಎಂದಳು.

"ನನ್ನ ತಮ್ಮ ಕಳಿಸಿದ್ನಾ?"

"ಇಲ್ಲ. ನಾನು ಅವರ ಕಡೆಯೋಳೂ ಅಲ್ಲ, ಆಸ್ಪತ್ರೆಯೋಳೂ ಅಲ್ಲ."

"ಹಾಗಾದ್ರೆ ಇವಳಿಗೆ ಏನೂ ಆಗಿಲ್ಲ ಅಂತ ಹೇಳ್ಬಿಡಿ."

"ಅದು ನನ್ನಿಂದ ಆಗಲ್ಲ. ನಾಳೆ ನಿಮಗೆ ಮಾತು ಹೊರಡ್ಲಿಲ್ಲ ಅಂದ್ರೆ, ನೀವು ಹೇಳು ಅಂದಿದ್ದನ್ನ ಹಾಗ್ಹಾಗೇ ಹೇಳ್ತೀನಿ. ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ."

ಡ್ರೈವರಕ್ಕ ಎದ್ದು ಕೂತಳು. ಆಮೇಲೆ, ಬಸ್ ತುಂಬ ಜನರನ್ನು ಕೂರಿಸಿಕೊಂಡು ಓಡಿಸಿದವಳಿಗೆ ತನ್ನೊಬ್ಬಳನ್ನು ನೋಡಿಕೊಳ್ಳಲು ಬರುವುದಿಲ್ಲವಂತೆ ಎಂದು ನಗಲು ಹೋಗಿ, ಅತ್ತಳು. ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಇದನ್ನೂ ಹೇಳಲೇ ಎಂದು ಕನ್ನಡಕದವಳು ಕೇಳಿದಾಗ ಹೂಂ ಎಂದು ತಲೆಯಾಡಿಸಿದಳು.

ಮರುದಿನ ಡಾಕ್ಟರ ಕೋಣೆಯಲ್ಲಿ ತಮ್ಮ ಮೊದಲು ಮಾತಾಡಿದ. ಅಕ್ಕ ಮನೆಯಲ್ಲಿ ಗ್ಯಾಸ್ ತೆರೆದಿಟ್ಟು ಮರೆತು ಮಲಗಿದ್ದಳು, ಇನ್ನು ಒಂಟಿಯಾಗಿ ಬಿಡುವುದು ಹೇಗೆ ಎಂದ. ಎಲ್ಲರೂ ಅವಳತ್ತ ತಿರುಗಿದರು. ಅವಳ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಪಕ್ಕದವಳ ಸೆರಗು ಹಿಡಿದು ಎಳೆದಳು.

"ಇದು ಅವರ ಮಾತು," ಎಂದಳು ಕನ್ನಡಕದವಳು. "ಗ್ಯಾಸ್ ಮರೆತಿದ್ದಲ್ಲ, ಬೇಕು ಅಂತಲೇ ಬಿಟ್ಟಿದ್ದು. ಆಮೇಲೆ ಹೆದರಿ ಕಿಟಕಿ ತೆಗೆದೆ. ನನಗೆ ನನ್ನದೇ ಭಯ. ಆದ್ರೆ ಗೇಟಿಗೆ ಬೀಗ ಹಾಕೋ ಕಡೆ ಕಳಿಸಿದ್ರೆ ಮತ್ತೆ ಕಿಟಕಿ ತೆಗೆಯೋ ಮನಸ್ಸು ಬರಲ್ಲ."

ಡ್ರೈವರಕ್ಕನಿಗೆ ಎಲ್ಲ ಮುಗಿಯಿತು, ತಾನೇ ತನ್ನ ಗುಂಡಿ ತೋಡಿಕೊಂಡೆ ಅನ್ನಿಸಿತು. ಆದರೆ ಡಾಕ್ಟರ್ ಪೆನ್ನು ಕೆಳಗಿಟ್ಟು, ಮೊದಲ ಸಲ ಅವಳನ್ನೇ ಕೇಳಿದರು, "ಯಾವಾಗ ಜಾಸ್ತಿ ಭಯ ಆಗುತ್ತೆ?"

"ಸಂಜೆ," ಎಂದಳು. ದನಿ ತನ್ನದೇ ಅಲ್ಲ ಅನ್ನಿಸಿತು. "ಕೆಲಸ ಮುಗಿಸಿ ಬಂದು ಒಬ್ಬಳೇ ಮನೆ ಬೀಗ ತೆಗೆಯೋವಾಗ."

ಒಂಟಿತನಕ್ಕೆ ಬೀಗ ಮದ್ದಲ್ಲ ಎಂದರು ಡಾಕ್ಟರ್; ಕೇಂದ್ರದ ಮಾತು ಅಲ್ಲಿಗೆ ನಿಂತಿತು. ಇನ್ನೂ ಸ್ವಲ್ಪ ದಿನ ವಾರ್ಡಿನಲ್ಲಿರಬೇಕು, ಮನೆಗೆ ಹೋದ ಮೇಲೆ ಪ್ರತಿ ಸಂಜೆ ನರ್ಸ್ ಒಬ್ಬರು ಬಂದು ನೋಡಬೇಕು, ಗ್ಯಾಸ್ ಒಲೆ ತೆಗೆಸಬೇಕು ಎಂದಾಯಿತು. ಬಸ್ಸಿನ ವಿಚಾರ ಆಮೇಲೆ.

ಹೊರಗೆ ತಮ್ಮ ಗೋಡೆಗೆ ಒರಗಿ ನಿಂತಿದ್ದ. "ನಂಗ್ಯಾಕೆ ಹೇಳ್ಲಿಲ್ಲ ಅಕ್ಕಾ?"

"ನೀನು ಹೆದರ್ತೀಯ ಅಂತ ಕಣೋ."

"ಹೆದರ್ಕೊಂಡೇ ಇದೀನಿ," ಎಂದ.

ಅವಳೂ ಅವನ ಪಕ್ಕದಲ್ಲಿ ಗೋಡೆಗೆ ಒರಗಿ ಅವನ ಕೈ ಹಿಡಿದಳು. ವಾರ್ಡಿನವರೆಗೂ ಬಿಡಲಿಲ್ಲ.